ಅಲ್ಲಾಡುವುದೆಲ್ಲ ಒಂದೇ ಅಲ್ಲ

ಒಂದು ಭಾಷೆಯಲ್ಲಿ ಸಂಪೂರ್ಣವಾಗಿ ಒಂದೇ ಅರ್ಥವುಳ್ಳ ಎರಡು ಮಾತುಗಳು ಬಹುಕಾಲ ಬಾಳುವುದು ಅಪೂರ್ವ. ಬಳಕೆಯಲ್ಲಿ ಒಂದು ಸವೆದು ಮರೆಯಾಗುತ್ತದೆ. ಇಲ್ಲವೆ ಎರಡೂ ತಮ್ಮ ತಮ್ಮ ಪಾಲಿನ ಕೆಲಸವನ್ನು ಹಂಚಿಕೊಂಡು ಉಳಿಯುತ್ತವೆ. ನೆಲೆತಪ್ಪಿದ ಚಲನೆಯನ್ನು ಸೂಚಿಸುವ ಇಂಗ್ಲಿಷ್ ಮಾತುಗಳು ಇದಕ್ಕೆ ಒಳ್ಳೆಯ ನಿದರ್ಶನ. ರಾಕ್, ಟೀಟರ್, ಟಾಟರ್, ಸ್ಟ್ಯಾಗರ್, ರೀಲ್, ಲರ್ಚ್, ಸ್ವೇ, ವಾಬಲ್, ಫ್ಲಟರ್ ಎಂದು ಅವುಗಳ ಪಟ್ಟಿ ಉದ್ದವಾಗಿದೆ. ನಮ್ಮ ಶಬ್ದಕೋಶಗಳನ್ನು ತೆರೆದರೆ ಇವುಗಳಲ್ಲಿ ಹೆಚ್ಚಿನವುಗಳ ಎದುರಿಗೆ 'ಅಲ್ಲಾಡು', 'ಓಲಾಡು', 'ತೂಗಾಡು' ಎಂಬ ಎರಡು ಮೂರು ಅರ್ಥಗಳೇ ಮರಳಿ ಮರಳಿ ಕಾಣಸಿಗುತ್ತವೆ. ಓದುವವನು ಇವೆಲ್ಲವೂ ಒಂದೇ ಎಂದು ತಿಳಿದರೆ ಅದು ಅವನ ತಪ್ಪಲ್ಲ.

ಕಥೆ ಕಾದಂಬರಿಗಳನ್ನು ಓದುವಾಗ ಈ ವ್ಯತ್ಯಾಸವನ್ನು ಗಮನಿಸದಿದ್ದರೂ ನಷ್ಟವೇನೂ ಇಲ್ಲ. ಆದರೆ ವಿಜ್ಞಾನದ ಮಾತು ಬೇರೆ. ಮನೆ, ಬೀದಿ, ಬಂದರುಗಳಲ್ಲಿ ಹುಟ್ಟಿದ ಈ ಮಾತುಗಳಲ್ಲಿ ಹಲವನ್ನು ಎಂಜಿನಿಯರರೂ ವೈದ್ಯರೂ ಖಗೋಳಜ್ಞರೂ ಎತ್ತಿಕೊಂಡು, ಒಂದೊಂದಕ್ಕೂ ಖಚಿತವಾದ ಅರ್ಥವನ್ನು ಕಟ್ಟಿಕೊಟ್ಟಿದ್ದಾರೆ. ಅಲ್ಲಿ ಹೆಸರು ತಪ್ಪಿದರೆ ಕಾರಣ ತಪ್ಪುತ್ತದೆ. ಕಾರಣ ತಪ್ಪಿದರೆ ಪರಿಹಾರವೂ ತಪ್ಪುತ್ತದೆ. ರೋಗವನ್ನು ಸರಿಯಾಗಿ ಗುರುತಿಸದೆ ಮದ್ದು ಕೊಟ್ಟಂತೆಯೇ ಇದು.

ಈ ಮಾತುಗಳನ್ನು ಬೇರ್ಪಡಿಸಲು ಮೂರು ಪ್ರಶ್ನೆಗಳು ಸಾಕು. ಮೊದಲನೆಯದು: ಅಲ್ಲಾಡುವ ವಸ್ತುವಿನ ಬುಡ ನಿಂತಲ್ಲಿಯೇ ನಿಂತಿದೆಯೋ, ಅಥವಾ ವಸ್ತು ಸ್ಥಳ ಬಿಟ್ಟು ಸಾಗುತ್ತಿದೆಯೋ? ಎರಡನೆಯದು: ಒಂದು ಕಡೆಗೆ ವಾಲಿದ ವಸ್ತು ತನ್ನ ಮೊದಲಿನ ನೆಲೆಗೆ ಮರಳುವುದೋ, ಬೀಳುವುದೋ? ಮೂರನೆಯದು: ಆ ಚಲನೆಗೆ ಶಕ್ತಿಯನ್ನು ಉಣಿಸುತ್ತಿರುವುದು ಯಾವುದು? ಈ ಮೂರನೆಯ ಪ್ರಶ್ನೆಯೇ ಎಲ್ಲಕ್ಕಿಂತ ಗಹನವಾದುದು. ಅದಕ್ಕೆ ಉತ್ತರ ತಿಳಿಯದೆ ದೊಡ್ಡ ಸೇತುವೆಯೊಂದು ಮುರಿದು ನೀರಿಗೆ ಬಿದ್ದ ಕಥೆಯನ್ನು ಮುಂದೆ ನೋಡೋಣ.

ಮರಳುವುದು, ಅನುಮಾನಿಸುವುದು, ಬೀಳುವುದು

ಮೊದಲು ಎರಡನೆಯ ಪ್ರಶ್ನೆಯನ್ನು ಎತ್ತಿಕೊಳ್ಳೋಣ. ಯಾವ ವಸ್ತುವಿಗೇ ಆಗಲಿ ಗುರುತ್ವಕೇಂದ್ರವೆಂಬ ಒಂದು ಬಿಂದುವಿದೆ. ವಸ್ತುವಿನ ಭಾರವೆಲ್ಲವೂ ಅಲ್ಲಿಯೇ ಕೂಡಿದೆಯೆಂದು ಭಾವಿಸಬಹುದು. ಆ ಬಿಂದುವಿನಿಂದ ನೆಲಕ್ಕೆ ಇಳಿಬಿಟ್ಟ ಲಂಬರೇಖೆ ವಸ್ತು ಊರಿ ನಿಂತ ತಳದೊಳಗೆ ಬೀಳುತ್ತಿರುವವರೆಗೆ ವಸ್ತುವಿಗೆ ಅಪಾಯವಿಲ್ಲ. ರೇಖೆ ತಳದ ಅಂಚನ್ನು ದಾಟಿತೆಂದರೆ ವಸ್ತು ಉರುಳುತ್ತದೆ.

ತಂಜಾವೂರಿನ ಬೊಂಬೆಯನ್ನು ಎಷ್ಟು ಬಾಗಿಸಿದರೂ ಅದು ಆಚೀಚೆ ಆಡಿ ಮತ್ತೆ ನೆಟ್ಟಗೆ ಕುಳಿತುಕೊಳ್ಳುತ್ತದೆ. ಅದರ ತಳ ಗುಂಡಾಗಿದೆ, ಭಾರವೆಲ್ಲ ಕೆಳಗಿದೆ. ಬಾಗಿಸಿದಷ್ಟೂ ಗುರುತ್ವಕೇಂದ್ರ ಮೇಲೇರುವುದರಿಂದ ಅದು ತಾನಾಗಿಯೇ ಕೆಳಗಿಳಿಯಲು ಹವಣಿಸುತ್ತದೆ. ಹೀಗೆ ಬುಡದ ಮೇಲೆ ಆಡಿ ಮರಳುವ ಚಲನೆಗೆ ಇಂಗ್ಲಿಷಿನಲ್ಲಿ 'ರಾಕ್' ಎನ್ನುತ್ತಾರೆ. ಇಲ್ಲೊಂದು ಸ್ವಾರಸ್ಯವಿದೆ. ಇಂಗ್ಲೆಂಡಿನ ಹಳೆಯ ತೊಟ್ಟಿಲು ನೆಲದ ಮೇಲೆ ಬಾಗಿದ ಎರಡು ಮರದ ಪಟ್ಟಿಗಳ ಮೇಲೆ ನಿಲ್ಲುತ್ತಿತ್ತು. ಆದ್ದರಿಂದ ಅದನ್ನು ಅವರು 'ರಾಕ್' ಮಾಡುತ್ತಿದ್ದರು. ನಮ್ಮ ತೊಟ್ಟಿಲು ತೊಲೆಯಿಂದ ಇಳಿಬಿದ್ದದ್ದು. ಆದ್ದರಿಂದ ನಾವು ಅದನ್ನು ತೂಗುತ್ತೇವೆ. ಎರಡರಲ್ಲಿಯೂ ಮಗು ಮಲಗುತ್ತದೆ. ಆದರೆ ಒಂದು ಉರುಳಿ ಮರಳುವ ಚಲನೆ, ಇನ್ನೊಂದು ಲೋಲಕದ ಚಲನೆ. 'ರಾಕ್' ಎಂಬುದಕ್ಕೆ 'ತೂಗು' ಎಂದು ಅನುವಾದಿಸುವಾಗ ನಾವು ತೊಟ್ಟಿಲನ್ನೇ ಬದಲಾಯಿಸಿಬಿಟ್ಟಿರುತ್ತೇವೆ.

'ಟೀಟರ್' ಎಂಬುದು ಇದಕ್ಕೆ ವಿರುದ್ಧವಾದ ಸ್ಥಿತಿ. ಬಂಡೆಯ ಅಂಚಿನಲ್ಲಿ ಅರ್ಧ ಹೊರಚಾಚಿ ನಿಂತ ಕಲ್ಲನ್ನು ಊಹಿಸಿಕೊಳ್ಳಿ. ಅದರ ಗುರುತ್ವಕೇಂದ್ರದ ರೇಖೆ ಸರಿಯಾಗಿ ಅಂಚಿನ ಮೇಲೆಯೇ ಇದೆ. ಬೀಳುವುದೋ ನಿಲ್ಲುವುದೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಆ ಅನಿಶ್ಚಿತತೆಯೇ ಈ ಮಾತಿನ ಜೀವಾಳ. ನಡುವೆ ಆಸರೆಯಿಟ್ಟ ಹಲಗೆಯ ಎರಡು ತುದಿಗಳಲ್ಲಿ ಮಕ್ಕಳು ಕುಳಿತು ಏರಿಳಿಯುವ ಆಟಕ್ಕೆ ಅಮೆರಿಕದ ಜನ 'ಟೀಟರ್-ಟಾಟರ್' ಎಂಬ ಹೆಸರಿಟ್ಟಿರುವುದು ಇದೇ ಕಾರಣದಿಂದ.

'ಟಾಟರ್' ಎಂಬ ಮಾತಿನಲ್ಲಿ ಅನಿಶ್ಚಿತತೆ ಕಡಿಮೆ, ದೌರ್ಬಲ್ಯ ಹೆಚ್ಚು. ಅಡಿಪಾಯ ಸಡಿಲಿದ ಗೋಡೆ, ಮುಪ್ಪಿನಿಂದ ಕಾಲು ಸೋತ ವೃದ್ಧ, ಬೊಕ್ಕಸ ಬರಿದಾದ ಸಾಮ್ರಾಜ್ಯ ಇವು ಟಾಟರ್ ಆಗುತ್ತವೆ. ಗಟ್ಟಿಮುಟ್ಟಾದ ವಸ್ತು ಅಂಚಿನಲ್ಲಿ ನಿಂತು ಟೀಟರ್ ಆಗಬಹುದು. ಆದರೆ ಟಾಟರ್ ಆಗಲು ಅದು ಒಳಗಿಂದಲೇ ಬಲಗುಂದಿರಬೇಕು. ಇವೆರಡನ್ನೂ ಬರಿಯ ವಾಲುವಿಕೆಯೊಡನೆ ಬೆರೆಸಬಾರದು. ಇಟಲಿಯ ಪೀಸಾ ನಗರದ ಗೋಪುರ ವಾಲಿದೆ, ನಿಜ. ಆದರೆ ವಾಲುವುದು ಒಂದು ನಿಲುವು, ಅಲ್ಲಾಟವಲ್ಲ. 1990ರಲ್ಲಿ ಅದರ ವಾಲು ಸುಮಾರು 5.5 ಅಂಶಗಳಷ್ಟಾಗಿ ಗೋಪುರವನ್ನು ಮುಚ್ಚಬೇಕಾಯಿತು. ಎತ್ತರವಾಗಿದ್ದ ಪಕ್ಕದ ಅಡಿಯಿಂದ ಮಣ್ಣನ್ನು ಸ್ವಲ್ಪಸ್ವಲ್ಪವಾಗಿ ತೆಗೆದು, ವಾಲನ್ನು ಸುಮಾರು 4 ಅಂಶಗಳಿಗೆ ಇಳಿಸಿ, 2001ರ ಕೊನೆಯಲ್ಲಿ ಅದನ್ನು ಮತ್ತೆ ತೆರೆದರು.

ಹೆಜ್ಜೆ ತಪ್ಪಿದ ನಡಿಗೆ

ಸ್ಥಳ ಬಿಟ್ಟು ಸಾಗುವ ಚಲನೆಗಳಿಗೆ ಬರೋಣ. ಮನುಷ್ಯನ ನಡಿಗೆಯೇ ಒಂದು ಅಚ್ಚರಿ. ಪ್ರತಿ ಹೆಜ್ಜೆಯಲ್ಲಿಯೂ ನಾವು ಮುಂದಕ್ಕೆ ಬೀಳತೊಡಗುತ್ತೇವೆ. ಇನ್ನೊಂದು ಕಾಲನ್ನು ಮುಂದಿಟ್ಟು ಆ ಬೀಳುವಿಕೆಯನ್ನು ತಡೆಯುತ್ತೇವೆ. ಈ ಲೆಕ್ಕಾಚಾರ ಎಲ್ಲಿ ತಪ್ಪಿತೆಂಬುದನ್ನು ಇಂಗ್ಲಿಷಿನ ಮಾತುಗಳು ಬೇರೆ ಬೇರೆಯಾಗಿ ಸೂಚಿಸುತ್ತವೆ.

ಭಾರವಾದ ಏಟು ಬಿದ್ದವನು ಅಥವಾ ಶಕ್ತಿಗೆ ಮೀರಿದ ಮೂಟೆ ಹೊತ್ತವನು 'ಸ್ಟ್ಯಾಗರ್' ಆಗುತ್ತಾನೆ. ಅವನು ಇಡುವ ಹೆಜ್ಜೆಗಳು ಅಸಮವಾಗಿದ್ದರೂ ಅವನು ಇನ್ನೂ ಕಾಲ ಮೇಲಿದ್ದಾನೆ, ಇನ್ನೂ ಸಾಗುತ್ತಿದ್ದಾನೆ. ನಮ್ಮ 'ತತ್ತರಿಸು' ಇದಕ್ಕೆ ಹತ್ತಿರವಾದುದು. 'ಲರ್ಚ್' ಎಂಬುದು ಒಂದೇ ಒಂದು ಸಲ, ಇದ್ದಕ್ಕಿದ್ದಂತೆ ಒಂದು ಪಕ್ಕಕ್ಕೆ ಬಾಗುವುದು. ಮೂಲತಃ ಇದು ನಾವಿಕರ ಮಾತು. ಅಲೆಯ ಹೊಡೆತಕ್ಕೆ ಹಡಗು ಹಠಾತ್ತನೆ ಮಗ್ಗುಲಾಗುವುದನ್ನು ಹೇಳಲು ಬಳಕೆಗೆ ಬಂದದ್ದು. ನಮ್ಮಲ್ಲಿ ಬಸ್ಸು ತಟ್ಟನೆ ತಿರುಗಿದಾಗ ನಿಂತವರು 'ಜೋಲಿ ಹೊಡೆದರು' ಎನ್ನುತ್ತೇವಲ್ಲ, ಅದೇ ಲರ್ಚ್. ಆಗತಾನೆ ನಡೆಯಲು ಕಲಿತ ಮಗುವಿನ ಪುಟ್ಟ ತಪ್ಪುಹೆಜ್ಜೆಗಳಿಗೆ 'ಟಾಡಲ್' ಎಂದೂ, ಬಾತುಕೋಳಿಯ ನಡಿಗೆಗೆ 'ವಾಡಲ್' ಎಂದೂ ಬೇರೆ ಹೆಸರುಗಳಿವೆ.

'ರೀಲ್' ಎಂಬ ಮಾತಿಗೆ ಸ್ವಲ್ಪ ಹೆಚ್ಚು ವಿವರಣೆ ಬೇಕು. ಇದರಲ್ಲಿ ತಿರುಗುವಿಕೆಯ ಭಾವವಿದೆ. ದೇಹ ತೂರಾಡುವುದರ ಜೊತೆಗೆ ತಲೆಯೂ ಸುತ್ತುತ್ತಿರುತ್ತದೆ. ಇದರ ಮೂಲ ಕಿವಿಯಲ್ಲಿದೆ. ನಮ್ಮ ಒಳಗಿವಿಯಲ್ಲಿ ಒಂದಕ್ಕೊಂದು ಲಂಬವಾಗಿ ನಿಂತ ಮೂರು ಅರ್ಧವರ್ತುಲ ನಾಳಗಳಿವೆ. ಅವುಗಳಲ್ಲಿ ದ್ರವ ತುಂಬಿದೆ. ತಲೆ ತಿರುಗಿದಾಗ ನಾಳಗಳು ತಿರುಗುತ್ತವೆ, ದ್ರವ ಹಿಂದುಳಿಯುತ್ತದೆ. ಆ ಹಿಂದುಳಿಯುವಿಕೆಯನ್ನು ನರಗಳು ಮೆದುಳಿಗೆ ತಿಳಿಸುತ್ತವೆ. ಮಕ್ಕಳು ಗಿರಗಿರನೆ ಸುತ್ತಿ ತಟ್ಟನೆ ನಿಂತಾಗ ನಾಳಗಳು ನಿಂತರೂ ದ್ರವ ತನ್ನ ಜಡತ್ವದಿಂದ ಮುಂದಕ್ಕೆ ಹರಿಯಲೆಳಸುತ್ತದೆ. ದೇಹ ಇನ್ನೂ ತಿರುಗುತ್ತಿದೆಯೆಂಬ ಸುಳ್ಳು ಸುದ್ದಿ ಮೆದುಳಿಗೆ ಮುಟ್ಟುತ್ತದೆ. ಇಲ್ಲದ ತಿರುಗುವಿಕೆಯನ್ನು ಸರಿಪಡಿಸಲು ಹೊರಟು ದೇಹ ತೂರಾಡುತ್ತದೆ. ಹಾಗಾದರೆ ಸ್ಟ್ಯಾಗರ್ ಆಗುವವನ ಕಾಲು ಸೋತಿದೆ, ರೀಲ್ ಆಗುವವನ ಸಮತೋಲದ ಅರಿವು ಸೋತಿದೆ ಎಂದು ಸ್ಥೂಲವಾಗಿ ಹೇಳಬಹುದು.

ನೆಟ್ಟಗೆ ನಿಂತ ಆರೋಗ್ಯವಂತನೂ ಪೂರ್ತಿ ನಿಶ್ಚಲನಾಗಿರುವುದಿಲ್ಲ. ಅವನ ದೇಹ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾಗಿ ಹಿಂದಕ್ಕೂ ಮುಂದಕ್ಕೂ ತೊನೆಯುತ್ತಲೇ ಇರುತ್ತದೆ. ಈ ತೊನೆತವನ್ನು ವೈದ್ಯರು ರೋಗಪರೀಕ್ಷೆಗೆ ಬಳಸಿಕೊಳ್ಳುತ್ತಾರೆ. ರೋಗಿಯನ್ನು ಪಾದಗಳೆರಡನ್ನೂ ಜೋಡಿಸಿ ನಿಲ್ಲಿಸಿ ಕಣ್ಣು ಮುಚ್ಚಲು ಹೇಳುತ್ತಾರೆ. ಕಣ್ಣು ತೆರೆದಿದ್ದಾಗ ನಿಲ್ಲಬಲ್ಲವನು ಮುಚ್ಚಿದೊಡನೆ ತೂಗಾಡಿ ಬೀಳುವಂತಾದರೆ, ಕೈಕಾಲುಗಳ ಸ್ಥಾನವನ್ನು ಮೆದುಳಿಗೆ ತಿಳಿಸುವ ನರಮಾರ್ಗಗಳಲ್ಲಿಯೋ ಒಳಗಿವಿಯಲ್ಲಿಯೋ ದೋಷವಿರಬೇಕೆಂದು ಶಂಕಿಸುತ್ತಾರೆ. 19ನೆಯ ಶತಮಾನದ ಜರ್ಮನ್ ವೈದ್ಯ ಮೊರಿಟ್ಸ್ ಹೈನ್ರಿಕ್ ರೋಂಬರ್ಗ್‌ನ ಹೆಸರನ್ನು ಈ ಪರೀಕ್ಷೆ ಹೊತ್ತಿದೆ.

ಬಾಗುವುದು ಬೇರೆ, ಅಕ್ಷ ತಿರುಗುವುದು ಬೇರೆ

ಬುಡ ನೆಲದಲ್ಲಿ ಭದ್ರವಾಗಿದ್ದು ತುದಿ ಆಚೀಚೆ ಬಾಗಿ ಮರಳುವುದಕ್ಕೆ 'ಸ್ವೇ' ಎಂದು ಹೆಸರು. ಗಾಳಿಗೆ ತೊನೆಯುವ ತೆಂಗು, ಅಡಕೆ, ಬಿದಿರುಗಳಲ್ಲಿ ನಾವು ದಿನವೂ ಇದನ್ನು ನೋಡುತ್ತೇವೆ. ಇಲ್ಲಿ ದೌರ್ಬಲ್ಯದ ಸೂಚನೆಯಿಲ್ಲ. ಬಾಗುವುದರಿಂದಲೇ ಬಿದಿರು ಮುರಿಯದೆ ಉಳಿಯುತ್ತದೆ. ಎತ್ತರದ ಕಟ್ಟಡಗಳೂ ಹೀಗೆಯೇ ತೊನೆಯುತ್ತವೆ. ಅವು ಬೀಳುವುದಿಲ್ಲವಾದರೂ ಒಳಗಿರುವವರಿಗೆ ತಲೆಸುತ್ತು ಬರಬಹುದು. ತೈವಾನಿನ ತೈಪೆ ನಗರದಲ್ಲಿರುವ 508 ಮೀಟರ್ ಎತ್ತರದ 'ತೈಪೆ 101' ಕಟ್ಟಡದ ಮೇಲುಭಾಗದಲ್ಲಿ 660 ಟನ್ ತೂಕದ ಉಕ್ಕಿನ ಗೋಳವೊಂದನ್ನು ತೂಗುಹಾಕಿದ್ದಾರೆ. ಕಟ್ಟಡ ಒಂದು ಕಡೆಗೆ ಬಾಗಿದಾಗ ಗೋಳ ಹಿಂದುಳಿದು ಅದನ್ನು ಎದುರು ದಿಕ್ಕಿಗೆ ಸೆಳೆಯುತ್ತದೆ, ತೊನೆತ ತಗ್ಗುತ್ತದೆ.

'ವಾಬಲ್' ಎಂಬುದು ಮುಖ್ಯವಾಗಿ ತಿರುಗುವ ವಸ್ತುವಿಗೆ ಸಂಬಂಧಿಸಿದ ಮಾತು. ಕಾಲು ಗಿಡ್ಡವಾದ ಮೇಜಿಗೂ ತಟ್ಟೆಯ ಮೇಲಿನ ಜೆಲ್ಲಿಗೂ ಇಂಗ್ಲಿಷ್ ಜನ ಇದನ್ನು ಬಳಸುವುದುಂಟು. ಆದರೆ ವಿಜ್ಞಾನದಲ್ಲಿ ಈ ಮಾತಿನ ತಿರುಳು ಅಕ್ಷ ತನ್ನ ದಿಕ್ಕಿನಲ್ಲಿ ನೆಟ್ಟಗೆ ನಿಲ್ಲದಿರುವುದು. ಬೈಸಿಕಲ್ಲಿನ ಚಕ್ರ ಸೊಟ್ಟಗಾದಾಗ ರಿಮ್ಮು ಎಡಕ್ಕೂ ಬಲಕ್ಕೂ ಆಡುತ್ತ ತಿರುಗುವುದು ವಾಬಲ್. ಅಂಗಡಿಯವನು ಕಡ್ಡಿಗಳನ್ನು ಬಿಗಿದು ಸಡಿಲಿಸಿ 'ಬೆಂಡು ತೆಗೆದಾಗ' ಅದು ನಿಲ್ಲುತ್ತದೆ.

ಇದನ್ನು ಅರಿಯಲು ಬುಗುರಿಗಿಂತ ಉತ್ತಮ ಗುರುವಿಲ್ಲ. ವೇಗವಾಗಿ ತಿರುಗುವ ಬುಗುರಿ ನಿಶ್ಚಲವಾಗಿ ನಿಂತಂತೆ ಕಾಣುತ್ತದೆ. ಇಂಗ್ಲಿಷಿನಲ್ಲಿ ಅದು 'ನಿದ್ರಿಸುತ್ತಿದೆ' ಎನ್ನುತ್ತಾರೆ. ವೇಗ ತಗ್ಗಿದಾಗ ಅದರ ತಲೆ ಒಂದು ವೃತ್ತವನ್ನು ಬರೆಯತೊಡಗುತ್ತದೆ. ಗುರುತ್ವ ಅದನ್ನು ಕೆಡಹಲು ಎಳೆಯುತ್ತದೆ. ತಿರುಗುವ ವಸ್ತುವಾದ್ದರಿಂದ ಅದು ಎಳೆದ ಕಡೆಗೆ ಬೀಳದೆ, ಅದಕ್ಕೆ ಲಂಬವಾದ ದಿಕ್ಕಿನಲ್ಲಿ ಸರಿಯುತ್ತದೆ. ಈ ನಿಧಾನವಾದ ಸುತ್ತಿಗೆ 'ಪ್ರಿಸೆಷನ್' ಎಂದು ಹೆಸರು. ಸೂಕ್ಷ್ಮವಾಗಿ ನೋಡಿದರೆ ತಲೆ ಆ ವೃತ್ತದ ಮೇಲೆ ಮೇಲಕ್ಕೂ ಕೆಳಕ್ಕೂ ಕಿರಿದಾಗಿ ತೂಗುವುದೂ ಉಂಟು. ಅದು 'ನ್ಯುಟೇಶನ್'. ಇದರ ಮೂಲವಾದ ಲ್ಯಾಟಿನ್ ಧಾತುವಿಗೆ ತಲೆದೂಗುವುದೆಂದೇ ಅರ್ಥ.

ನಮ್ಮ ಭೂಮಿಯೂ ಒಂದು ಬುಗುರಿ. ಅದರ ನಡುಭಾಗ ಉಬ್ಬಿರುವುದರಿಂದ ಸೂರ್ಯಚಂದ್ರರು ಆ ಉಬ್ಬನ್ನು ಸೆಳೆಯುತ್ತಾರೆ. ಅಕ್ಷ ಸುಮಾರು 26,000 ವರ್ಷಗಳಿಗೊಮ್ಮೆ ಆಕಾಶದಲ್ಲಿ ಒಂದು ವೃತ್ತವನ್ನು ಮುಗಿಸುತ್ತದೆ. ನಮ್ಮ ಪಂಚಾಂಗಗಳಲ್ಲಿ ಅಯನಾಂಶವೆಂದು ಕರೆಯುವುದು ಈ ಚಲನೆಯಿಂದ ಹುಟ್ಟಿದ ಅಂತರವನ್ನೇ. ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21 ಅಥವಾ 22ರಂದು. ನಾವು ಮಕರ ಸಂಕ್ರಾಂತಿಯನ್ನು ಆಚರಿಸುವುದು ಜನವರಿಯ ನಡುವಿನಲ್ಲಿ. ಈ ಮೂರು ವಾರಗಳಿಗೂ ಮೀರಿದ ವ್ಯತ್ಯಾಸ ಭೂಮಿಯ ಅಕ್ಷ ಶತಮಾನಗಳಿಂದ ಸರಿದುದರ ಗುರುತು. ಇದರ ಮೇಲೆ 18.6 ವರ್ಷಗಳಿಗೊಮ್ಮೆ ಅಕ್ಷ ಕಿರಿದಾಗಿ ತಲೆದೂಗುತ್ತದೆ. ಆ ನ್ಯುಟೇಶನ್ನನ್ನು ಇಂಗ್ಲೆಂಡಿನ ಜೇಮ್ಸ್ ಬ್ರ್ಯಾಡ್ಲಿ 1748ರಲ್ಲಿ ಪ್ರಕಟಿಸಿದನು.

ಇವೆರಡೂ ನಕ್ಷತ್ರಗಳ ನಡುವೆ ಅಕ್ಷದ ದಿಕ್ಕು ಬದಲಾಗುವ ಚಲನೆಗಳು. ಮೂರನೆಯದೊಂದಿದೆ, ಅದರಲ್ಲಿ ಭೂಮಿಯ ಮೈಮೇಲೆಯೇ ಧ್ರುವಬಿಂದು ಅಲೆದಾಡುತ್ತದೆ. ಅಮೆರಿಕದ ಸೆತ್ ಕಾರ್ಲೊ ಚಾಂಡ್ಲರ್ 1891ರಲ್ಲಿ ಇದನ್ನು ಕಂಡುಹಿಡಿದನು. ಧ್ರುವಬಿಂದು ಸುಮಾರು 433 ದಿನಗಳಿಗೊಂದು ಸುತ್ತು ಹಾಕುತ್ತದೆ. ಸುತ್ತಿನ ವಿಸ್ತಾರ ಹೆಚ್ಚೆಂದರೆ ಕೆಲವು ಮೀಟರುಗಳಷ್ಟೆ. ಖಗೋಳಜ್ಞರು 'ವಾಬಲ್' ಎಂಬ ಬೀದಿಯ ಮಾತನ್ನು ಈ ಚಲನೆಗೇ ಮೀಸಲಿಟ್ಟು 'ಚಾಂಡ್ಲರ್ ವಾಬಲ್' ಎಂದು ಕರೆದರು. ಮೂರಕ್ಕೂ 'ಅಕ್ಷದ ಅಲುಗಾಟ' ಎಂದು ಒಂದೇ ಹೆಸರಿಟ್ಟರೆ ಒಂದು ಪಂಚಾಂಗಕ್ಕೆ ಸಂಬಂಧಿಸಿದ್ದು, ಇನ್ನೊಂದು ಅಕ್ಷಾಂಶದ ಅಳತೆಗೆ ಸಂಬಂಧಿಸಿದ್ದು ಎಂಬುದು ಮರೆಯಾಗುತ್ತದೆ.

ಹಡಗು ಮತ್ತು ರೈಲು

ಅಲುಗಾಟಗಳನ್ನು ಹೆಸರಿಸುವುದರಲ್ಲಿ ನಾವಿಕರು ಎಲ್ಲರಿಗಿಂತ ಕಟ್ಟುನಿಟ್ಟು. ಹಡಗು ಎಡಬಲಗಳಿಗೆ ಮಗ್ಗುಲಾಗುವುದು ರೋಲ್, ಮೂತಿ ಏರಿಳಿಯುವುದು ಪಿಚ್, ಮೂತಿ ಎಡಬಲಗಳಿಗೆ ತಿರುಗುವುದು ಯಾ. ಇವಲ್ಲದೆ ಇಡೀ ಹಡಗು ಮೇಲಕ್ಕೆ ಕೆಳಕ್ಕೆ ಎದ್ದಿಳಿಯುವುದು ಹೀವ್, ಹಿಂದಕ್ಕೆ ಮುಂದಕ್ಕೆ ಸರಿಯುವುದು ಸರ್ಜ್, ಪಕ್ಕಕ್ಕೆ ಸರಿಯುವುದು ಸ್ವೇ. ಮರದ ಸ್ವೇ ಬಾಗುವುದಾದರೆ ಹಡಗಿನ ಸ್ವೇ ಬಾಗದೆ ಸರಿಯುವುದು! ಒಂದೇ ಮಾತು ಕಸುಬಿನಿಂದ ಕಸುಬಿಗೆ ಅರ್ಥ ಬದಲಿಸುವುದಕ್ಕೆ ಇದು ಸಾಕ್ಷಿ. ರೋಲನ್ನು ತಗ್ಗಿಸಲು ಹಡಗಿನ ತಳದ ಎರಡು ಪಕ್ಕಗಳಲ್ಲಿ ಉದ್ದನೆಯ ರೆಕ್ಕೆಗಳನ್ನು ಜೋಡಿಸುತ್ತಾರೆ. ಅವು ಪಿಚ್ಚಿಗೆ ಹೆಚ್ಚಿನ ಪರಿಹಾರ ಕೊಡಲಾರವು. ಹೆಸರು ಬೇರೆಯಾದರೆ ಮದ್ದೂ ಬೇರೆ.

ರೈಲುಗಾಡಿಯಲ್ಲಿ 'ಹಂಟಿಂಗ್' ಎಂಬ ಇನ್ನೊಂದು ವಿಚಿತ್ರ ಚಲನೆಯಿದೆ. ರೈಲಿನ ಗಾಲಿಗಳು ಪೂರ್ತಿ ಚಪ್ಪಟೆಯಾಗಿರುವುದಿಲ್ಲ, ಒಳಬದಿಯಲ್ಲಿ ತುಸು ದಪ್ಪವಾಗಿ ಹೊರಬದಿಗೆ ಇಳಿಜಾರಾಗಿರುತ್ತವೆ. ಗಾಲಿಗಳ ಜೋಡಿ ಬಲಕ್ಕೆ ಸರಿದರೆ ಬಲಗಾಲಿ ತನ್ನ ದಪ್ಪ ಭಾಗದ ಮೇಲೆ ಉರುಳಿ ಹೆಚ್ಚು ದೂರ ಸಾಗುತ್ತದೆ. ಜೋಡಿ ತಾನಾಗಿ ಎಡಕ್ಕೆ ತಿರುಗುತ್ತದೆ. ಆದರೆ ನಡುವಿನಲ್ಲಿ ನಿಲ್ಲದೆ ಎಡಕ್ಕೆ ದಾಟಿ ಮತ್ತೆ ಬಲಕ್ಕೆ ಬರುತ್ತದೆ. ಬೇಟೆನಾಯಿ ಜಾಡು ಹುಡುಕಿದಂತೆ ಗಾಲಿ ತನ್ನ ನಡುವಣ ದಾರಿಯನ್ನು ಹುಡುಕುತ್ತಲೇ ಇರುತ್ತದೆ. ವೇಗ ಮಿತಿಯಲ್ಲಿರುವವರೆಗೆ ಈ ಆಟ ತಾನಾಗಿ ಅಡಗುತ್ತದೆ. ಒಂದು ವೇಗವನ್ನು ಮೀರಿದರೆ ಅಡಗುವ ಬದಲು ಬೆಳೆಯುತ್ತದೆ. ಹೊರಗಿನಿಂದ ಯಾರೂ ತಾಳ ಹಾಕಿ ತಳ್ಳುತ್ತಿಲ್ಲ. ಗಾಡಿಯ ಓಟದಿಂದಲೇ ಅಲುಗಾಟ ತನಗೆ ಬೇಕಾದ ಶಕ್ತಿಯನ್ನು ಹೀರಿಕೊಳ್ಳುತ್ತಿದೆ. ನಾವು ಆರಂಭದಲ್ಲಿ ಎತ್ತಿದ ಮೂರನೆಯ ಪ್ರಶ್ನೆಯ ಬಾಗಿಲಿಗೆ ಈಗ ಬಂದು ನಿಂತಂತಾಯಿತು.

ಫ್ಲಟರ್ ಎಂಬ ಮಾರಿ

'ಫ್ಲಟರ್' ಎಂದರೆ ಸಾಮಾನ್ಯ ಇಂಗ್ಲಿಷಿನಲ್ಲಿ ಚಿಟ್ಟೆಯ ರೆಕ್ಕೆ ಬಡಿಯುವುದು, ಬಾವುಟ ಪಟಪಟನೆ ಹಾರಾಡುವುದು. ಎಷ್ಟು ಮೃದುವಾದ ಮಾತು! ವೈದ್ಯರು ಇದನ್ನು ಹೃದಯಕ್ಕೆ ಬಳಸುತ್ತಾರೆ: ಹೃದಯದ ಮೇಲುಗೂಡುಗಳು ನಿಮಿಷಕ್ಕೆ ಸುಮಾರು 300 ಸಲ, ಆದರೆ ಕ್ರಮಬದ್ಧವಾಗಿ ಬಡಿದರೆ ಅದು ಫ್ಲಟರ್, ಕ್ರಮವೇ ಇಲ್ಲದೆ ಅದುರಿದರೆ ಅದು ಫಿಬ್ರಿಲೇಶನ್. ವಿಮಾನದ ಎಂಜಿನಿಯರರಿಗಂತೂ ಈ ಮಾತು ಮೃತ್ಯುವಿನ ಹೆಸರು. ಗಾಳಿ ರೆಕ್ಕೆಯನ್ನು ತುಸು ತಿರುಚುತ್ತದೆ. ತಿರುಚಿದ್ದರಿಂದ ಗಾಳಿಯ ಒತ್ತಡ ಬದಲಾಗುತ್ತದೆ. ಬದಲಾದ ಒತ್ತಡ ರೆಕ್ಕೆಯನ್ನು ಮತ್ತಷ್ಟು ಆಡಿಸುತ್ತದೆ. ಹೀಗೆ ಚಲನೆ ಬಲವನ್ನೂ ಬಲ ಚಲನೆಯನ್ನೂ ಬೆಳೆಸುತ್ತ ಹೋಗಿ ರೆಕ್ಕೆ ಕ್ಷಣಗಳಲ್ಲಿ ಮುರಿಯಬಹುದು.

ನೆಲದ ಮೇಲಿನ ಕಟ್ಟಡಕ್ಕೂ ಈ ಗತಿ ಬರಬಹುದೆಂಬುದನ್ನು ಅಮೆರಿಕದ ವಾಷಿಂಗ್ಟನ್ ರಾಜ್ಯದ ಟಕೋಮಾ ನ್ಯಾರೋಸ್ ತೂಗುಸೇತುವೆ ಲೋಕಕ್ಕೆ ತೋರಿಸಿತು. 1940ರ ಜುಲೈ 1ರಂದು ಅದು ಸಂಚಾರಕ್ಕೆ ತೆರೆಯಿತು. ನಡುವಣ ಅಂಕಣದ ಉದ್ದ 853 ಮೀಟರ್, ಅಗಲ ಕೇವಲ 12 ಮೀಟರ್. ಪಕ್ಕಗಳಲ್ಲಿ ಗಾಳಿ ತೂರಿಹೋಗಲು ಎಡೆಯಿಲ್ಲದ ಗಟ್ಟಿ ಉಕ್ಕಿನ ಹಲಗೆಗಳಿದ್ದವು. ಸಾಧಾರಣ ಗಾಳಿಗೂ ಸೇತುವೆ ಅಲೆಯಂತೆ ಏರಿಳಿಯುತ್ತಿತ್ತು. ಜನ ಅದಕ್ಕೆ 'ಗ್ಯಾಲಪಿಂಗ್ ಗರ್ಟಿ', ಎಂದರೆ ನಾಗಾಲೋಟದ ಗರ್ಟಿ ಎಂದು ಹೆಸರಿಟ್ಟು, ಅದರ ಮೇಲೆ ವಾಹನ ಓಡಿಸಿ ಸಂತೋಷಪಡುತ್ತಿದ್ದರು.

ನವೆಂಬರ್ 7ರ ಬೆಳಿಗ್ಗೆ ಗಂಟೆಗೆ ಸುಮಾರು 64 ಕಿಲೋಮೀಟರ್ ವೇಗದ ಗಾಳಿ ಬೀಸುತ್ತಿತ್ತು. ಅದು ಬಿರುಗಾಳಿಯೇನಲ್ಲ. ಹತ್ತು ಗಂಟೆಯ ಹೊತ್ತಿಗೆ ತಂತಿಯ ಒಂದು ಕಟ್ಟು ಜಾರಿತು. ಸೇತುವೆಯ ಚಲನೆ ಒಮ್ಮೆಗೇ ಬದಲಾಯಿತು. ಏರಿಳಿತದ ಬದಲು ತಿರುಚಾಟ ಮೊದಲಾಯಿತು. ರಸ್ತೆಯ ಒಂದಂಚು ಮೇಲೇರಿದಾಗ ಇನ್ನೊಂದಂಚು ಕೆಳಗಿಳಿಯುತ್ತಿತ್ತು. ಸುಮಾರು 5 ಸೆಕೆಂಡಿಗೊಂದು ಸಲ ಇದು ತಿರುಗುಮುರುಗಾಗುತ್ತಿತ್ತು. ಸುಮಾರು ಒಂದು ಗಂಟೆ ಹೀಗೆ ನರಳಿ ನಡುವಣ ಅಂಕಣ ನೀರಿಗೆ ಬಿದ್ದಿತು. ಮನುಷ್ಯರಾರೂ ಸಾಯಲಿಲ್ಲ, ಬಿಟ್ಟುಹೋದ ಕಾರೊಂದರಲ್ಲಿದ್ದ ನಾಯಿ ಮಾತ್ರ ಪ್ರಾಣ ಕಳೆದುಕೊಂಡಿತು.

ಇದಕ್ಕೆ ಕಾರಣವೇನು? ಭೌತಶಾಸ್ತ್ರದ ಎಷ್ಟೋ ಪಠ್ಯಪುಸ್ತಕಗಳು ದಶಕಗಳ ಕಾಲ ಹೇಳಿದ ಉತ್ತರ ಅನುರಣನ. ಉಯ್ಯಾಲೆಯನ್ನು ಅದರದೇ ತಾಳಕ್ಕೆ ಸರಿಯಾಗಿ ಸ್ವಲ್ಪಸ್ವಲ್ಪವೇ ತಳ್ಳಿದರೆ ಅದು ಮೇಲೇರುತ್ತ ಹೋಗುವುದಲ್ಲವೇ, ಹಾಗೆಯೇ ಗಾಳಿಯ ಸುಳಿಗಳು ಸೇತುವೆಯನ್ನು ಅದರ ತಾಳಕ್ಕೆ ತಳ್ಳಿದವು ಎಂದು ಆ ವಿವರಣೆ. 1991ರಲ್ಲಿ ಯೂಸುಫ್ ಬಿಲ್ಲಾ ಮತ್ತು ರಾಬರ್ಟ್ ಸ್ಕ್ಯಾನ್ಲನ್ ಎಂಬವರು ಈ ವಿವರಣೆ ಲೆಕ್ಕಕ್ಕೆ ನಿಲ್ಲುವುದಿಲ್ಲವೆಂದು ತೋರಿಸಿದರು. ಆ ಗಾಳಿಯಲ್ಲಿ ಸುಳಿಗಳು ಸೆಕೆಂಡಿಗೆ ಸುಮಾರು ಒಂದರಂತೆ ಕಳಚಿಕೊಳ್ಳಬೇಕು. ಸೇತುವೆ ತಿರುಚುತ್ತಿದ್ದುದೋ 5 ಸೆಕೆಂಡಿಗೊಂದು ಸಲ. ತಾಳ ಕೂಡದಿದ್ದಲ್ಲಿ ಅನುರಣನ ಎಲ್ಲಿಯದು? ಗಾಳಿ ಏಕಪ್ರಕಾರವಾಗಿ ಬೀಸುತ್ತಿತ್ತು; ಆ ಬೀಸಿನಿಂದ ಶಕ್ತಿಯನ್ನು ಕದ್ದು ತನ್ನನ್ನು ತಾನೇ ಬೆಳೆಸಿಕೊಂಡದ್ದು ಸೇತುವೆಯ ತಿರುಚಾಟ. ಅದು ಫ್ಲಟರಿನ ಜಾತಿಗೆ ಸೇರಿದ್ದು.

ಈ ವ್ಯತ್ಯಾಸ ಬರಿಯ ಪಾಂಡಿತ್ಯವಲ್ಲ. ಅನುರಣನವಾದರೆ ತಳ್ಳುವವನ ತಾಳವನ್ನೋ ಸೇತುವೆಯ ತಾಳವನ್ನೋ ಬದಲಾಯಿಸಿದರೆ ಸಾಕು. ಫ್ಲಟರ್ ಆದರೆ ಸೇತುವೆಯ ಆಕಾರವನ್ನೇ ಬದಲಾಯಿಸಿ, ತಿರುಚದಂತೆ ಬಿಗಿಗೊಳಿಸಬೇಕು. 1950ರಲ್ಲಿ ಅದೇ ಸ್ಥಳದಲ್ಲಿ ಎದ್ದ ಹೊಸ ಸೇತುವೆಯಲ್ಲಿ ಗಟ್ಟಿ ಹಲಗೆಗಳ ಬದಲು ಗಾಳಿ ತೂರಿಹೋಗುವ ಜಾಲರಿಯಂಥ ಉಕ್ಕಿನ ಚೌಕಟ್ಟುಗಳನ್ನು ಇಟ್ಟರು, ಅಗಲವನ್ನು ಹೆಚ್ಚಿಸಿದರು, ಮಾದರಿಯನ್ನು ಗಾಳಿಸುರಂಗದಲ್ಲಿ ಪರೀಕ್ಷಿಸಿದರು. ಉದ್ದನೆಯ ತೂಗುಸೇತುವೆಗಳಿಗೆ ಇಂಥ ಪರೀಕ್ಷೆ ಅಂದಿನಿಂದ ರೂಢಿಯಾಯಿತು.

ಲಂಡನ್ನಿನ ಪಾದಚಾರಿಗಳು

ಅರವತ್ತು ವರ್ಷಗಳ ಅನಂತರ ಇನ್ನೊಂದು ಸೇತುವೆ ಇನ್ನೊಂದು ಪಾಠ ಕಲಿಸಿತು. ಲಂಡನ್ನಿನಲ್ಲಿ ಥೇಮ್ಸ್ ನದಿಗೆ ಅಡ್ಡಲಾಗಿ ಪಾದಚಾರಿಗಳಿಗಾಗಿ ಕಟ್ಟಿದ ಮಿಲೆನಿಯಂ ಸೇತುವೆ 2000ದ ಜೂನ್ 10ರಂದು ತೆರೆಯಿತು. ಜನ ಕಿಕ್ಕಿರಿದರು, ಸೇತುವೆ ಎಡಬಲಗಳಿಗೆ ಆಡತೊಡಗಿತು, ಎರಡೇ ದಿನಗಳಲ್ಲಿ ಅದನ್ನು ಮುಚ್ಚಬೇಕಾಯಿತು. ಜನ ಅದಕ್ಕೆ 'ವಾಬ್ಲಿ ಬ್ರಿಜ್' ಎಂದು ಹೆಸರಿಟ್ಟರು. ಅಲ್ಲಿ ತಿರುಗುವ ಅಕ್ಷವೂ ಇಲ್ಲ, ವಾಬಲ್ಲೂ ಇಲ್ಲ. ಎಂಜಿನಿಯರರ ಮಾತಿನಲ್ಲಿ ಅದು ಪಕ್ಕದ ಸ್ವೇ.

ನಾವು ನಡೆಯುವಾಗ ಸೆಕೆಂಡಿಗೆ ಸುಮಾರು ಎರಡು ಹೆಜ್ಜೆ ಇಡುತ್ತೇವೆ. ಎಡಗಾಲು ಒಂದು ಪಕ್ಕಕ್ಕೆ, ಬಲಗಾಲು ಇನ್ನೊಂದು ಪಕ್ಕಕ್ಕೆ ನೆಲವನ್ನು ತುಸು ಒತ್ತುವುದರಿಂದ ಪಕ್ಕದ ಒತ್ತು ಸೆಕೆಂಡಿಗೆ ಒಂದು ಸಲ ಮರುಕಳಿಸುತ್ತದೆ. ಸೇತುವೆಯ ಪಕ್ಕದ ತೊನೆತದ ತಾಳವೂ ಅದರ ಆಸುಪಾಸಿನಲ್ಲಿತ್ತು. ನೆಲ ಆಡಿದಾಗ ಜನ ಬೀಳದಿರಲು ಅದರ ತಾಳಕ್ಕೆ ಹೆಜ್ಜೆ ಹೊಂದಿಸಿದರು, ಅದರಿಂದ ಆಟ ಇನ್ನೂ ಹೆಚ್ಚಿತು ಎಂದು ಮೊದಲು ವಿವರಿಸಲಾಯಿತು. 2021ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಇದನ್ನು ತಿದ್ದಿ, ಹೆಜ್ಜೆಗಳು ಒಂದಾಗುವ ಮೊದಲೇ ಸೇತುವೆ ಆಡಲಾರಂಭಿಸಬಲ್ಲದೆಂದು ತೋರಿಸಿತು. ಅಲುಗುವ ನೆಲದ ಮೇಲೆ ಪ್ರತಿಯೊಬ್ಬನೂ ತನ್ನ ಸಮತೋಲಕ್ಕಾಗಿ ಪಾದವನ್ನು ಅತ್ತಿತ್ತ ಇಡುವ ಪ್ರಯತ್ನವೇ ಸರಾಸರಿಯಲ್ಲಿ ಸೇತುವೆಗೆ ಶಕ್ತಿಯನ್ನು ಉಣಿಸುತ್ತದೆ. ತಾವು ಬೀಳದಿರಲೆಂದು ಸಾವಿರ ಜನ ಮಾಡಿದ ಎಚ್ಚರಿಕೆಯೇ ಸೇತುವೆಯನ್ನು ಆಡಿಸಿತು! ಮೋಟಾರುವಾಹನದ ಶಾಕ್ ಅಬ್ಸಾರ್ಬರಿನಂತೆ ಚಲನೆಯ ಶಕ್ತಿಯನ್ನು ಹೀರುವ ಡ್ಯಾಂಪರುಗಳನ್ನು ಜೋಡಿಸಿ 2002ರ ಫೆಬ್ರವರಿಯಲ್ಲಿ ಸೇತುವೆಯನ್ನು ಮತ್ತೆ ತೆರೆದರು. ಜನರ ಬಾಯಲ್ಲಿ ಮಾತ್ರ ಹಳೆಯ ಹೆಸರು ಉಳಿದಿದೆ.

ಕನ್ನಡದ ಪಾಲು

ಕನ್ನಡದಲ್ಲಿ ಈ ಸಂಪತ್ತು ಇಲ್ಲವೆಂದು ಯಾರೂ ಭಾವಿಸಬೇಕಾಗಿಲ್ಲ. ತೆನೆ ತೊನೆಯುತ್ತದೆ, ತೊಟ್ಟಿಲು ತೂಗುತ್ತದೆ, ದೋಣಿ ಹೊಯ್ದಾಡುತ್ತದೆ, ಕುಡುಕ ತೂರಾಡುತ್ತಾನೆ, ಏಟು ತಿಂದವನು ತತ್ತರಿಸುತ್ತಾನೆ, ಹಲ್ಲು ಅಲುಗುತ್ತದೆ, ಸೇತುವೆ ಅದುರುತ್ತದೆ. ಇವುಗಳಲ್ಲಿ ಒಂದನ್ನು ಇನ್ನೊಂದರ ಸ್ಥಾನದಲ್ಲಿ ಇಟ್ಟರೆ ಹಳ್ಳಿಯ ಮಗುವೂ ನಗುತ್ತದೆ. ತೊನೆಯುವ ಕುಡುಕನನ್ನೂ ತತ್ತರಿಸುವ ತೆನೆಯನ್ನೂ ನಮ್ಮ ಕಿವಿ ಒಪ್ಪುವುದಿಲ್ಲ. ಹೀಗಿರಲು ಅನುವಾದಕ್ಕೆ ಕುಳಿತಾಗ ಮಾತ್ರ ನಾವು ಎಲ್ಲವನ್ನೂ 'ಅಲ್ಲಾಡು' ಎಂಬ ಒಂದೇ ಚೀಲಕ್ಕೆ ತುಂಬುವುದು ನ್ಯಾಯವಲ್ಲ. ಸ್ವೇ ಎಂಬುದಕ್ಕೆ 'ತೊನೆತ', ರೀಲ್ ಎಂಬುದಕ್ಕೆ 'ತೂರಾಟ', ಸ್ಟ್ಯಾಗರ್ ಎಂಬುದಕ್ಕೆ 'ತತ್ತರ' ಸಹಜವಾಗಿ ಒಪ್ಪುತ್ತವೆ. ವಾಬಲ್ ಮತ್ತು ಫ್ಲಟರ್‌ಗಳಿಗೆ ಸರಿಯಾದ ಮಾತು ಸಿಗುವವರೆಗೆ ಆ ಮಾತುಗಳನ್ನೇ ಎರವಲು ಪಡೆದು ಅರ್ಥವನ್ನು ಬಿಡಿಸಿ ಹೇಳುವುದು, ತಪ್ಪು ಮಾತನ್ನು ಅಂಟಿಸುವುದಕ್ಕಿಂತ ಮೇಲು.

ಒಂದು ವಸ್ತು ಅಲ್ಲಾಡುವುದನ್ನು ಕಂಡಾಗ ಅದರ ಬುಡ ಎಲ್ಲಿದೆ, ಅದು ಮರಳುವುದೇ, ಅದಕ್ಕೆ ಶಕ್ತಿ ಎಲ್ಲಿಂದ ಬರುತ್ತಿದೆ ಎಂದು ಕೇಳಿಕೊಳ್ಳುವ ಅಭ್ಯಾಸ ನಮಗೆ ಬಂದರೆ ಸರಿಯಾದ ಮಾತು ತಾನಾಗಿ ನಾಲಗೆಗೆ ಬರುತ್ತದೆ. ಟಕೋಮಾ ಸೇತುವೆಯನ್ನು ಕುದುರೆಯ ಓಟಕ್ಕೆ ಹೋಲಿಸಿ ನಕ್ಕವರು ಆ ಮೂರನೆಯ ಪ್ರಶ್ನೆಯನ್ನು ಕೇಳಿಕೊಂಡಿರಲಿಲ್ಲ. ಉತ್ತರವನ್ನು ಗಾಳಿಯೇ ಹೇಳಿತು.